ಘಟ್ಟದ ತಿರುವಿನಲ್ಲಿ ಚಾಲಕನಿಗೆ ಏಕೆ ವಾಂತಿ ಬರುವುದಿಲ್ಲ?

[ದೃಶ್ಯ: ಮಂಜು ಕವಿದ ಶಿರಸಿ ಬಸ್ ನಿಲ್ದಾಣ. ಕುಮಟಾ ಬೋರ್ಡಿನ ಬಸ್ಸು.]

ಚಿಕ್ಕವಳಿದ್ದಾಗ ಶಿರಸಿಯಿಂದ ಕುಮಟಾಕ್ಕೆ ಹೊರಟರೆ ಅಮ್ಮನ ಚೀಲದಲ್ಲಿ ಒಂದು ಲಿಂಬೆಹಣ್ಣು, ಎರಡು ಪ್ಲಾಸ್ಟಿಕ್ ಕೊಟ್ಟೆ ಇದ್ದೇ ಇರುತ್ತಿದ್ದವು. ರಾಗಿಹೊಸಳ್ಳಿ ದಾಟುವವರೆಗೂ ನಾನು ಆರಾಮಾಗಿಯೇ ಇರುತ್ತಿದ್ದೆ. ದೇವಿಮನೆ ಘಟ್ಟದಲ್ಲಿ ಮೂರನೆಯ ತಿರುವಿಗೆ ಬಾಯಲ್ಲಿ ನೀರೂರುತ್ತಿತ್ತು, ಹಣೆ ತಣ್ಣಗಾಗುತ್ತಿತ್ತು, ಲಿಂಬೆಯನ್ನು ಉಗುರಿನಿಂದ ಚುಚ್ಚಿ ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. "ಇವಳಿಗೆ ಪಿತ್ತ ಜಾಸ್ತಿ" ಎಂದು ಪಕ್ಕದ ಸೀಟಿನವರು ತೀರ್ಪು ಕೊಡುತ್ತಿದ್ದರು.

ಅದೇ ಬಸ್ಸು, ಅದೇ ತಿರುವು. ಆದರೆ ದಿನಾ ಘಟ್ಟ ಹತ್ತಿಳಿಯುವ ಚಾಲಕ ಮಾತ್ರ ಆರಾಮಾಗಿ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಅವನಿಗೆ ಪಿತ್ತವೇ ಇಲ್ಲವೇ?

[ದೃಶ್ಯ: ಒಳಗಿವಿಯ ಚಿತ್ರ, ನಿಧಾನವಾಗಿ ತಿರುಗುತ್ತದೆ.]

ಗಲಾಟೆ ಶುರುವಾಗುವುದು ಹೊಟ್ಟೆಯಲ್ಲಿ ಅಲ್ಲ, ಕಿವಿಯಲ್ಲಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವರ್ತುಲ ನಾಳಗಳಿವೆ. ತಲೆ ತಿರುಗಿತೋ, ಅದರೊಳಗಿನ ದ್ರವ ಹಿಂದೆ ಉಳಿಯುತ್ತದೆ, ಸೂಕ್ಷ್ಮ ರೋಮಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳಲ್ಲಿ ಹರಳುಗಳಿವೆ. ವೇಗ ಹೆಚ್ಚಿದಾಗ, ಬ್ರೇಕ್ ಹಾಕಿದಾಗ, ತಲೆ ವಾಲಿದಾಗ ಇವು ಸರಿಯುತ್ತವೆ. ಈ ಹರಳುಗಳು ಕ್ಯಾಲ್ಸಿಯಂ ಕಾರ್ಬೊನೇಟ್. ಅಘನಾಶಿನಿಯ ಅಳಿವೆಯಲ್ಲಿ ಬಳಚು ಆರಿಸುತ್ತಾರಲ್ಲ, ಆ ಚಿಪ್ಪು ಕೂಡ ಅದೇ ವಸ್ತು. ಘಟ್ಟ ಇಳಿಯುವಾಗ ನಮ್ಮ ತಲೆಯೊಳಗೆ ಅದರ ಧೂಳಿನಂಥ ಕಣಗಳು ಹೊಯ್ದಾಡುತ್ತಿರುತ್ತವೆ ಎಂದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು.

ಈಗ ನನ್ನ ಹಳೆಯ ಸೀಟಿಗೆ ಬನ್ನಿ. ಕಣ್ಣೆದುರು ಮುಂದಿನ ಸೀಟಿನ ಬೆನ್ನು. ಅದು ಅಲ್ಲಾಡುತ್ತಿಲ್ಲ, ಹಾಗಾಗಿ ಕಣ್ಣು "ಕೂತಿದ್ದೇವೆ" ಎನ್ನುತ್ತದೆ. ಕಿವಿ "ಎಡಕ್ಕೆ ತಿರುಗಿದೆವು, ಈಗ ಬಲಕ್ಕೆ" ಎನ್ನುತ್ತದೆ. ಮಿದುಳಿಗೆ ಎರಡೂ ನಂಬಿಗಸ್ತ ಸಾಕ್ಷಿಗಳು, ಹೇಳಿಕೆ ಮಾತ್ರ ತಾಳೆಯಾಗುವುದಿಲ್ಲ. ಮೊಬೈಲ್ ನೋಡುತ್ತಾ ಕುಳಿತರೆ ಈ ಜಗಳ ಇನ್ನೂ ಜೋರಾಗುತ್ತದೆ.

ಕಿವಿಯ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಹಳೆಯದೊಂದು ಪುರಾವೆ ಇದೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ 519 ಕಿವುಡ-ಮೂಕರನ್ನು ಗಿರಗಿರನೆ ತಿರುಗಿಸಿದಾಗ ಏನಾಯಿತೆಂದು ವರದಿ ಮಾಡಿದ. ಅವರಲ್ಲಿ 186 ಮಂದಿಗೆ ತಲೆಸುತ್ತೇ ಬರಲಿಲ್ಲ. ಸುಮಾರು 200 ಮಂದಿ ಹಾರ್ವರ್ಡ್ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಲ್ಲಿ ತಲೆಸುತ್ತು ಬಾರದವನು ಒಬ್ಬನೇ. ಒಳಗಿವಿಯ ಸಮತೋಲನದ ಅಂಗ ಪೂರ್ತಿ ಕೆಟ್ಟವರಿಗೆ ಪ್ರಯಾಣದ ವಾಂತಿಯೂ ಬರುವುದಿಲ್ಲ. ಅಂದರೆ ಕೊಟ್ಟೆ ಹಿಡಿದು ಕುಳಿತ ಮಗುವಿನ ಕಿವಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಅದನ್ನು ದಯವಿಟ್ಟು ಗದರಬೇಡಿ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಕಾಟ ಅಪರೂಪ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಹೆಚ್ಚು.

ಸರಿ, ಸಾಕ್ಷಿಗಳು ಜಗಳವಾಡಿದರೆ ಹೊಟ್ಟೆಗೇಕೆ ಶಿಕ್ಷೆ? 1977ರಲ್ಲಿ ಮನೋವಿಜ್ಞಾನಿ ಮಿಶೆಲ್ ಟ್ರೀಸ್ಮನ್ ಒಂದು ಊಹೆ ಮುಂದಿಟ್ಟ. ವಿಷ ಮೈಗೇರಿದಾಗಲೂ ಕಣ್ಣು-ಕಿವಿಗಳ ತಾಳ ತಪ್ಪುತ್ತದೆ, ಹಾಗಾಗಿ ತಾಳ ತಪ್ಪಿದ ಕೂಡಲೇ "ತಿಂದದ್ದನ್ನು ಹೊರಗೆ ಹಾಕು" ಎಂದು ಮಿದುಳು ಆಜ್ಞೆ ಕೊಡುತ್ತದೆ ಎಂದು. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪಿಲ್ಲ. ನನಗಂತೂ ಇದು ಅರ್ಧ ಉತ್ತರ ಎನಿಸುತ್ತದೆ, ಏಕೆಂದರೆ ಚಾಲಕನ ಗುಟ್ಟು ಇದರಿಂದ ಬಿಡಿಸಿಕೊಳ್ಳುವುದಿಲ್ಲ.

[ದೃಶ್ಯ: ಬಸ್ಸಿನೊಳಗೆ ಹಿಂದಿನಿಂದ ತೆಗೆದ ಚಿತ್ರಣ. ತಿರುವು ಬರುತ್ತಿದೆ.]

ಇಲ್ಲಿ ತಲೆಗಳನ್ನು ಗಮನಿಸಿ. ಬಸ್ಸು ಬಲಕ್ಕೆ ತಿರುಗುತ್ತಿದೆ. ಪ್ರಯಾಣಿಕರ ತಲೆಗಳೆಲ್ಲ ಎಡಕ್ಕೆ ವಾಲಿದವು. ಚಾಲಕನ ತಲೆ? ಬಲಕ್ಕೆ, ತಿರುವಿನ ಒಳಮಗ್ಗುಲಿಗೆ. ಕೈ ಸ್ಟಿಯರಿಂಗ್ ಎಳೆಯುವ ಮೊದಲೇ ತಿರುವು ಬರುತ್ತದೆಂದು ಅವನ ಮಿದುಳಿಗೆ ಗೊತ್ತು. ಕಿವಿ ತರುವ ಸುದ್ದಿ ಅವನಿಗೆ ಹೊಸದಲ್ಲ. ನಮಗೆ ಮಾತ್ರ ಪ್ರತಿ ತಿರುವೂ ಅನಿರೀಕ್ಷಿತ.

ಆದ್ದರಿಂದ ಮುಂದಿನ ಸೀಟಿನಲ್ಲಿ ಕುಳಿತು, ರಸ್ತೆ ನೋಡಿ, ತಿರುವು ಬರುವ ಮೊದಲೇ ತಲೆಯನ್ನು ಒಳಕ್ಕೆ ವಾಲಿಸಿ. ಘಟ್ಟ ಇಳಿದು ಕತಗಾಲ ಬರುವವರೆಗೆ ಮೊಬೈಲ್ ಚೀಲದಲ್ಲಿರಲಿ. ಮುಂದೆ ಸೀಟು ಸಿಗದಿದ್ದರೆ ಕಣ್ಣು ಮುಚ್ಚಿಕೊಳ್ಳುವುದೂ ಒಳ್ಳೆಯದೇ, ಒಬ್ಬ ಸಾಕ್ಷಿಯಾದರೂ ಸುಮ್ಮನಾಗುತ್ತಾನೆ.

[ದೃಶ್ಯ: ಕಾರವಾರದ ಬೈತಖೋಲ ಬಂದರು. ದೋಣಿಗಳು ತೂಗುತ್ತಿವೆ.]

ಸಮುದ್ರದಲ್ಲಿ ನೋಡಲು ರಸ್ತೆಯೇ ಇಲ್ಲ. ಅಲೆ ಸುಮಾರು ಐದು ಸೆಕೆಂಡಿಗೊಮ್ಮೆ ಎತ್ತಿ ಇಳಿಸಿದರೆ ಹೊಟ್ಟೆ ತೊಳಸುವುದು ಅತಿ ಹೆಚ್ಚು. ಆದರೂ ಮೀನುಗಾರರು ಅಲ್ಲೇ ಉಂಡು ಮಲಗುತ್ತಾರೆ. ದಿನಗಳು ಕಳೆದಂತೆ ಮಿದುಳು ಅಲೆಯ ಲಯವನ್ನು ಕಲಿತು, ಮುಂದಿನ ಏರಿಳಿತವನ್ನು ಮೊದಲೇ ಲೆಕ್ಕ ಹಾಕತೊಡಗುತ್ತದೆ. ಹಲವು ದಿನ ಕಡಲಲ್ಲಿದ್ದು ಬಂದರಿನಲ್ಲಿ ಕಾಲಿಟ್ಟಾಗ ಆ ಲೆಕ್ಕ ಇನ್ನೂ ನಿಂತಿರುವುದಿಲ್ಲ. ಗಟ್ಟಿ ನೆಲ ಸ್ವಲ್ಪ ಹೊತ್ತು ದೋಣಿಯಂತೆಯೇ ತೂಗುತ್ತದೆ.