ಗಣಿ ಮುಚ್ಚಿತು, ಊರು ಮುಚ್ಚಲಿಲ್ಲ

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿಯ ಊರಿನ ಬಗ್ಗೆ ಬರುವ ವಿಡಿಯೊಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಡ್ರೋನ್ ಮೇಲೇರುತ್ತದೆ, ಗಣಿಗೆ ಇಳಿಯುವ ಬಾವಿಯ ಮೇಲಿನ ತುಕ್ಕು ಹಿಡಿದ ಶಾಫ್ಟ್ ಗೋಪುರ ಕಾಣುತ್ತದೆ, ‘ಇದು ಭೂತದ ಊರು’ ಅನ್ನುತ್ತಾರೆ. ಸ್ವಾಮಿ, ಕ್ಯಾಮೆರಾವನ್ನು ಸ್ವಲ್ಪ ಕೆಜಿಎಫ್‌ನದೇ ಪೇಟೆಯಾದ ರಾಬರ್ಟ್‌ಸನ್‌ಪೇಟೆ ಕಡೆ ತಿರುಗಿಸಿ. 2011ರ ಜನಗಣತಿ ಪ್ರಕಾರ ಅಲ್ಲಿರುವುದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಜನ. ಬಿಟ್ಟು ಹೋದವರು ಗಣಿ ನಡೆಸುತ್ತಿದ್ದವರು.

ಬ್ರಿಟಿಷರ ಗಣಿ ಕಂಪನಿ ಜಾನ್ ಟೇಲರ್ ಇಲ್ಲಿಗೆ ಬಂದಿದ್ದು 1880ರಲ್ಲಿ. ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಆ ಚಿನ್ನಕ್ಕೆ ಎಷ್ಟು ಮರ್ಯಾದೆ ಇತ್ತು ಗೊತ್ತಾ? ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು, ಸುಮಾರು 150 ಕಿಲೋಮೀಟರ್ ತಂತಿ ಎಳೆದು, 1902ರಲ್ಲಿ ಮೊದಲು ಕೊಟ್ಟಿದ್ದು ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ.

ಈ ಕಥೆಯನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ‘ಮಿನಿ ಇಂಗ್ಲೆಂಡ್’ ಅಂತಲೂ ಹೇಳುತ್ತೇವೆ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಇತ್ತು ನಿಜ. ಆದರೆ ಅದು ಸಾಹೇಬರ ಇಂಗ್ಲೆಂಡು. ಗಣಿಗೆ ಇಳಿದವರಲ್ಲಿ ಬಹುತೇಕರು ತಮಿಳು ಸೀಮೆಯಿಂದ ಬಂದ ಬಡವರು, ಹೆಚ್ಚಿನವರು ದಲಿತರು. ಅವರಿಗೆ ಸಿಕ್ಕಿದ್ದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಇಕ್ಕಟ್ಟು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗಿಂತ ಆಳ. ಕೆಳಗೆ ಕುದಿಯುವ ಸೆಕೆ, ಯಾವಾಗ ಬಂಡೆ ಸಿಡಿಯುತ್ತದೋ ಹೇಳುವಂತಿಲ್ಲ. ಬದುಕಿ ಮೇಲೆ ಬಂದವರ ಶ್ವಾಸಕೋಶವನ್ನು ಕಲ್ಲಿನ ಧೂಳು ತಿನ್ನುತ್ತಿತ್ತು. ಇಷ್ಟಾದರೂ ಕಂಪನಿಗೆ ಕಾರ್ಮಿಕರ ಮೇಲೆ ಅನುಮಾನ. ಎಲ್ಲರೂ ಬೆರಳಚ್ಚು ಕೊಡಬೇಕು ಅಂದಾಗ 1930ರಲ್ಲಿ ಇಡೀ ಗಣಿಯೇ ಮುಷ್ಕರಕ್ಕೆ ನಿಂತಿತು.

ಆಮೇಲೆ ಗಣಿ 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಹೋಯಿತು. ಅಷ್ಟರಲ್ಲಿ ಒಳ್ಳೆಯ ಅದಿರು ಮುಗಿಯುತ್ತಾ ಬಂದಿತ್ತು. ನಷ್ಟ ಅಂದರು, ಸುಳ್ಳೇನಲ್ಲ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು.

ಮುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ಎಲ್ಲ ಗಣಿಯೂ ಒಂದು ದಿನ ಮುಗಿಯಲೇಬೇಕು. ಆದರೆ ಇದು ರಾತ್ರೋರಾತ್ರಿ ಬಂದ ಸುದ್ದಿಯಾ? ಚಿನ್ನ ಕಮ್ಮಿಯಾಗುತ್ತಿದೆ ಅಂತ ದಶಕಗಳಿಂದ ಗೊತ್ತಿತ್ತಲ್ವಾ? ಅಲ್ಲಿಗೆ ಬೇರೆ ಕಾರ್ಖಾನೆ ತರೋಕೆ ಆಗೋದಿಲ್ಲ ಅನ್ನುವಂತಿಲ್ಲ. 1964ರಲ್ಲಿ ಶುರುವಾದ, ಭಾರೀ ಯಂತ್ರ ತಯಾರಿಸುವ ಸರ್ಕಾರಿ ಕಂಪನಿ ಬೆಮೆಲ್‌ನ ಕಾರ್ಖಾನೆ ಅದೇ ಊರಲ್ಲಿ ಇವತ್ತಿಗೂ ಇದೆ. ಅಂಥದ್ದು ಇನ್ನೆರಡು ಬಂದಿದ್ದರೆ, ಇಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ಬೆಳಗಿನ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ನೇತಾಡಿಕೊಂಡು ಹೋಗಬೇಕಿರಲಿಲ್ಲ.

ಈಗ ಮತ್ತೆ ಚಿನ್ನದ ಮಾತು. ಅದಿರು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸೈನೈಡ್ ಗುಡ್ಡಗಳಾಗಿ ನಿಂತಿದೆ. ಗಾಳಿ ಬಂದರೆ ಅದರ ಧೂಳು ನೇರ ಮನೆಯೊಳಗೆ. ಸುಮಾರು ಸಾವಿರ ಎಕರೆಯಲ್ಲಿರುವ ಇಂಥ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯೋಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ತೆಗೆಯಲಿ. ಆದರೆ ಟೆಂಡರ್ ಬರೆಯುವಾಗ ಧೂಳಿಗೆ ಏನು ಮಾಡುತ್ತೀರಿ, ಕೆಲಸ ಯಾರಿಗೆ, ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇರುವವರಿಗೆ ಹಕ್ಕುಪತ್ರ ಯಾವಾಗ, ಇದನ್ನೆಲ್ಲ ಮೊದಲು ಬರೆಯಿರಿ. ಎಷ್ಟು ಕಿಲೋ ಸಿಗುತ್ತದೆ ಅನ್ನೋ ಲೆಕ್ಕ ಆಮೇಲೆ ಹಾಕೋಣ.