ತೋಟ ಮಾರಿ ಟೆಕ್ಸಾಸಿನಲ್ಲಿ ಮನೆ ಕೊಳ್ಳುವ ಮುನ್ನ

ನಮಸ್ಕಾರ. ಹಾಸನದಿಂದ ಮಾತನಾಡುತ್ತಿದ್ದೇನೆ. ಇವತ್ತು ಹೇಳಲಿರುವುದು ನಮ್ಮ ಮನೆಯ ಮಾತು. ಆದರೆ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಅನೇಕ ಮನೆಗಳಲ್ಲಿ ಊಟದ ನಂತರ ಇದೇ ಮಾತು ನಡೆಯುತ್ತಿದೆ. ಆದ್ದರಿಂದ ಬಾಯಿಬಿಟ್ಟು ಹೇಳುವುದೇ ಸರಿ ಎನಿಸಿತು.

ಹೋದ ತಿಂಗಳು ಸಕಲೇಶಪುರದ ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪ ಬೀರುವಿನಿಂದ ಒಂದು ಚೀಲ ತೆಗೆದು ನನ್ನ ಮುಂದಿಟ್ಟರು. ಒಳಗೆ ಪಹಣಿ, ಹಳೆಯ ಕ್ರಯಪತ್ರ, ಸರ್ವೆ ನಕ್ಷೆ. "ಕೆಳಗಿನ ಎರಡು ಎಕರೆ ಕೊಟ್ಟುಬಿಡೋಣ ಎಂದುಕೊಂಡಿದ್ದೇನಮ್ಮ. ಬೆಂಗಳೂರಿನವರೊಬ್ಬರು ಕೇಳಿದ್ದಾರೆ. ತಮ್ಮನಿಗೆ ಅಲ್ಲಿ ಮನೆ ತೆಗೆದುಕೊಳ್ಳಲು ದುಡ್ಡು ಸಾಲುತ್ತಿಲ್ಲವಂತೆ" ಎಂದರು.

ತಮ್ಮ ಎಂದರೆ ದೊಡ್ಡಪ್ಪನ ಮಗ. ಡಲ್ಲಾಸ್ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿ ಎಂಟು ವರ್ಷದಿಂದ ಇದ್ದಾನೆ. ಕೆಳಗಿನ ಎರಡು ಎಕರೆ ಎಂದರೆ ಹಳ್ಳದ ಪಕ್ಕದ ಕಾಫಿ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಇಡೀ ತೋಟದ ಸ್ಪ್ರಿಂಕ್ಲರ್‌ಗೆ ನೀರು ಬರುವುದು ಅಲ್ಲಿಂದಲೇ. ಆ ಎರಡು ಎಕರೆ ಹೋದರೆ ಮೇಲಿನ ಆರು ಎಕರೆಯ ನೀರೂ ಹೋದಂತೆ. ದೊಡ್ಡಪ್ಪನಿಗೆ ಇದು ಗೊತ್ತಿಲ್ಲವೆಂದಲ್ಲ. ಮಗನ ಮನೆ ಎಂದಾಗ ಅವರು ಅದನ್ನು ಮಾತಿಗೆ ತರಲಿಲ್ಲ, ಅಷ್ಟೇ.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಒಳ್ಳೆಯ ಸಂಬಳವಿದೆ, ದುಡ್ಡು ಏಕೆ ಸಾಲದು ಎಂದು ಕೇಳಿದೆ. ಅವನು ಹೇಳಿದ್ದನ್ನು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಗೃಹಸಾಲಕ್ಕೆ ಹೋದರೆ ಸಂಬಳ ಕೇಳುತ್ತಾರೆ, ಸಿಬಿಲ್ ಅಂಕ ನೋಡುತ್ತಾರೆ, ಖಾತೆ ಸರಿಯಿದೆಯೇ ಎಂದು ವಿಚಾರಿಸುತ್ತಾರೆ. ಈ ದೇಶದಲ್ಲಿ ಇನ್ನೆಷ್ಟು ದಿನ ಇರುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುತ್ತಾರೆ. ಅಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾವನ್ನು ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷಕ್ಕೆ ಕೊಡುತ್ತಾರೆ, ಒಟ್ಟು ಆರು ವರ್ಷ. ಅಲ್ಲಿ ಕಾಯಂ ನೆಲೆಸಲು ಅನುಮತಿಯಾದ ಗ್ರೀನ್ ಕಾರ್ಡ್‌ನ ಅರ್ಜಿ ಒಂದು ಹಂತ ದಾಟಿದ್ದರೆ ಆಮೇಲೂ ವಿಸ್ತರಣೆ ಸಿಗುತ್ತದೆ. ನಮ್ಮ ತಮ್ಮ ಇರುವುದು ಹಾಗೆ. ಇನ್ನು ಗ್ರೀನ್ ಕಾರ್ಡ್ ಎಂದರೆ, ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000. ಒಂದೇ ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಅದರಲ್ಲಿ ಶೇ 7ರ ಮಿತಿ. ನೂರನಲವತ್ತು ಕೋಟಿ ಜನರ ದೇಶಕ್ಕೂ ಅದೇ ಮಿತಿ, ನಾಲ್ಕು ಲಕ್ಷ ಜನರ ಐಸ್‌ಲೆಂಡ್‌ಗೂ ಅದೇ ಮಿತಿ. ಭಾರತದಲ್ಲಿ ಹುಟ್ಟಿದವರ ಸರದಿ ಇಷ್ಟು ಉದ್ದವಾಗಲು ಇದೇ ಮುಖ್ಯ ಕಾರಣ. ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಳ್ಳಲು ಇರುವುದು ಹೆಚ್ಚೆಂದರೆ 60 ದಿನ. ಸಾಲವಾದರೋ ಮೂವತ್ತು ವರ್ಷದ್ದು.

ಎರಡು ವರ್ಷದ ಹಿಂದೆ ತಮ್ಮನ ಕೆಲಸ ಹೋಗಿತ್ತು. ಐವತ್ತನೆಯ ದಿನ ಹೊಸ ಕೆಲಸ ಸಿಕ್ಕಿತು. ಆ ದಿನಗಳಲ್ಲಿ ಕ್ರೆಡಿಟ್ ಕಾರ್ಡಿನ ಬಾಕಿ ಬೆಳೆದು, ನಮ್ಮ ಸಿಬಿಲ್‌ನಂತೆ ಅಲ್ಲಿರುವ ಕ್ರೆಡಿಟ್ ಅಂಕ ಇಳಿಯಿತು. ಇಂಥವರಿಗೆಂದೇ ಅಲ್ಲಿ ಒಂದು ದಾರಿಯಿತ್ತು. ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ 1934ರಿಂದ ಇದೆ. ಅದು ತಾನೇ ಸಾಲ ಕೊಡುವುದಿಲ್ಲ, ಸಾಲ ಕೊಟ್ಟವರಿಗೆ ವಿಮೆಯ ಭದ್ರತೆ ಕೊಡುತ್ತದೆ. ಆ ಭದ್ರತೆಯಿದ್ದರೆ 580 ಅಂಕವಿದ್ದವರೂ ಮನೆಯ ಬೆಲೆಯ ಶೇ 3.5ರಷ್ಟನ್ನು ಕೈಯಿಂದ ಹಾಕಿ ಮನೆ ಕೊಳ್ಳಬಹುದು. ಆದರೆ 2025ರ ಮೇ 25ರಿಂದ ಈ ಬಾಗಿಲು ಕಾಯಂ ನಿವಾಸಿಗಳಲ್ಲದವರಿಗೆ ಮುಚ್ಚಿತು. ಗ್ರೀನ್ ಕಾರ್ಡ್ ಇದ್ದರೆ ಸಿಗುತ್ತದೆ, ಎಚ್-1ಬಿ ಇದ್ದರೆ ಇಲ್ಲ. ತೆರಿಗೆ ಎಷ್ಟು ವರ್ಷ ಕಟ್ಟಿದ್ದೀರಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಇದು ತಪ್ಪು ಎಂದು ನಾನು ನೇರವಾಗಿ ಹೇಳುತ್ತೇನೆ. ಕಂತು ಕಟ್ಟುವವನ ಶಕ್ತಿಯನ್ನು ಅವನ ದುಡಿಮೆಯಿಂದ ಅಳೆಯಬೇಕು. ಮನೆಯೇ ಅಡಮಾನವಾಗಿರುವಾಗ, ಎಂಟು ವರ್ಷ ಆ ದೇಶದಲ್ಲಿ ದುಡಿದು ತೆರಿಗೆ ಕಟ್ಟಿದವನನ್ನು ನಿನ್ನೆ ಬಂದ ಅತಿಥಿಯಂತೆ ಬಾಗಿಲಲ್ಲಿ ನಿಲ್ಲಿಸುವುದರಲ್ಲಿ ನ್ಯಾಯವಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ವೀಸಾದವರಿಗೆ ಇನ್ನು ಸಾಲವೇ ಇಲ್ಲ ಎಂದು ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸುದ್ದಿ ನಿಜವಲ್ಲ. ಅಲ್ಲಿನ ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ, ಕಾನೂನುಬದ್ಧವಾಗಿ ನೆಲೆಸಿರುವ ವಿದೇಶಿಯರಿಗೂ ಅಮೆರಿಕದ ಪ್ರಜೆಗಳಿಗೆ ಇರುವ ಷರತ್ತುಗಳನ್ನೇ ಒಪ್ಪುತ್ತದೆ. ಆದರೆ ಅದರ ಮೇಲೆ ಒಂದೊಂದು ಬ್ಯಾಂಕೂ ತನ್ನದೇ ಷರತ್ತು ಹೇರಬಹುದು. ತಮ್ಮ ಹೋದ ಕಡೆ ಹಾಗೇ ಆಯಿತು. ವೀಸಾ ಮುಗಿಯಲು ಏಳು ತಿಂಗಳಷ್ಟೇ ಇದೆ, ಅಂಕವೂ ಕಡಿಮೆ, ಹಾಗಾಗಿ ಶೇ 20ರಷ್ಟು ಮೊದಲೇ ಹಾಕಿ ಎಂದರು. ಅವನು ಎರಡನೆಯ ಕಡೆ ಕೇಳಲೇ ಇಲ್ಲ. ಅಪ್ಪನಿಗೆ ಫೋನ್ ಮಾಡಿದ.

ನನ್ನ ತಕರಾರು ಇರುವುದು ಇಲ್ಲಿ. ಇವನು ಈ ದೇಶದಲ್ಲಿ ಉಳಿಯುತ್ತಾನೋ ಇಲ್ಲವೋ ಎಂಬ ಭಯ ಆ ಬ್ಯಾಂಕಿನದು. ಆ ಭಯದ ಬೆಲೆಯನ್ನು ಸಕಲೇಶಪುರದ ಹಳ್ಳದ ಪಕ್ಕದ ಎರಡು ಎಕರೆ ಏಕೆ ತೆರಬೇಕು?

ಮಾರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜನ ಪೂರ್ತಿ ಯೋಚಿಸುವುದಿಲ್ಲ. ಕೈಯಲ್ಲಿ ದುಡ್ಡು ಬಂದಾಗ ತಮ್ಮನೇ ವಾಪಸ್ ಕೊಳ್ಳುತ್ತಾನೆ ಎಂದು ದೊಡ್ಡಪ್ಪ ನಂಬಿದ್ದರು. ಅನಿವಾಸಿಯಾಗಿ ಇರುವಷ್ಟು ಕಾಲ ಅವನು ಕೊಳ್ಳುವಂತಿಲ್ಲ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡ್ ಇರುವವರು, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರು, ಇಲ್ಲಿ ಮನೆ ಕೊಳ್ಳಬಹುದು, ಫ್ಲ್ಯಾಟ್ ಕೊಳ್ಳಬಹುದು, ಅಂಗಡಿ ಮಳಿಗೆ ಕೊಳ್ಳಬಹುದು. ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ಕಾಫಿ ತೋಟ ಅವರ ಕೈಗೆ ಬರಲು ಉಳಿದಿರುವ ದಾರಿ ಒಂದೇ, ಉತ್ತರಾಧಿಕಾರ. ಅಪ್ಪನ ಕಾಲದ ನಂತರ ಪೌತಿ ಖಾತೆಯಾಗಿ ಬರುವ ಭೂಮಿ ಮಾತ್ರ.

2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಕೃಷಿಯ ಗಂಧವಿಲ್ಲದವರೂ ಈಗ ಜಮೀನು ಕೊಳ್ಳಬಹುದು.  ಬೆಂಗಳೂರಿನ ಆ ಖರೀದಿದಾರರಿಗೂ ಹಕ್ಕಿದೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದೇ ತೋಟದಲ್ಲಿ ಹುಟ್ಟಿ, ಕಣದಲ್ಲಿ ಕಾಫಿ ಹರವಿ ಬೆಳೆದ ಹುಡುಗ ಅಮೆರಿಕದಲ್ಲಿರುವಾಗ ಒಮ್ಮೆ ಮಾರಿದ್ದನ್ನು ತನ್ನ ಹೆಸರಿಗೆ ಮತ್ತೆ ಬರೆಸಿಕೊಳ್ಳಲಾರ. ಅಲ್ಲಿಯ ಪ್ರಜೆಯಾದರಂತೂ ಆ ಮಾತೇ ಮುಗಿಯಿತು. ಭಾರತೀಯನಾಗಿ ಊರಿಗೆ ಮರಳಿ ನೆಲೆಸಿದರೆ ಕೊಳ್ಳಬಹುದು, ನಿಜ. ಆದರೆ ಅಷ್ಟರಲ್ಲಿ ಅಲ್ಲಿ ಹೋಂಸ್ಟೇ ಎದ್ದಿರುತ್ತದೆ.

ದುಡ್ಡು ಕಳಿಸುವುದೂ ಸುಲಭವಲ್ಲ. ಒಂದು ಆರ್ಥಿಕ ವರ್ಷದಲ್ಲಿ ಒಬ್ಬರು ಕಳಿಸಬಹುದಾದದ್ದು 2,50,000 ಡಾಲರ್‌ವರೆಗೆ. ಇಂಥ ಉದ್ದೇಶಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20ರಷ್ಟು ತೆರಿಗೆಯನ್ನು ಮೊದಲೇ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದ ಮೇಲೆ ಸರಿಹೋಗುತ್ತದೆ, ಆದರೆ ಅಲ್ಲಿಯವರೆಗೆ ಆ ದುಡ್ಡು ಕೈಯಲ್ಲಿ ಇರುವುದಿಲ್ಲ. ಅಮೆರಿಕದ ಬ್ಯಾಂಕು ಇದು ಸಾಲವಲ್ಲ, ಉಡುಗೊರೆ, ಮರಳಿಸಬೇಕಾಗಿಲ್ಲ ಎಂದು ದೊಡ್ಡಪ್ಪನಿಂದ ಸಹಿ ಕೇಳುತ್ತದೆ. ಮರಳಿಸಬೇಕಾಗಿಲ್ಲ! ಜೀವಮಾನವಿಡೀ ಕಾಫಿ ಸಾಲದ ಕಂತನ್ನು ಒಂದು ದಿನ ತಪ್ಪಿಸದ ಮನುಷ್ಯನ ಕೈಯಲ್ಲಿ ಆ ಸಹಿ ಹಾಕಿಸುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಇನ್ನು, ವೀಸಾ ಮುಗಿದು ವಾಪಸ್ ಬರಬೇಕಾಗಿ ಬಂದರೆ? ಮನೆ ಅವನದೇ ಆಗಿರುತ್ತದೆ, ವೀಸಾ ಹೋಯಿತೆಂದು ಯಾರೂ ಕಿತ್ತುಕೊಳ್ಳುವುದಿಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ. ಇಲ್ಲಿ ಬಂದು ನೆಲೆಸಿ, ಇಲ್ಲಿಂದಲೇ ಮಾರಲು ಹೊರಟರೆ ವಿದೇಶಿ ಮಾರಾಟಗಾರನೆಂದು ಮಾರಾಟದ ಬೆಲೆಯಲ್ಲೇ ಸಾಮಾನ್ಯವಾಗಿ ಶೇ 15ನ್ನು ತೆರಿಗೆಗೆಂದು ಹಿಡಿದಿಡುತ್ತಾರೆ. ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಮೊದಲು ವೀಸಾ ವಿಸ್ತರಣೆ ಕೈಗೆ ಬರಲಿ, ಅಷ್ಟರಲ್ಲಿ ಕಾರ್ಡಿನ ಬಾಕಿ ತೀರಿಸು, ಅಂಕ ಮೇಲೇರಲಿ, ನಾಲ್ಕು ಕಡೆ ವಿಚಾರಿಸು, ಹೆಂಡತಿಗೆ ಕೆಲಸದ ಅನುಮತಿ ಇದ್ದರೆ ಅವಳ ಸಂಬಳವನ್ನೂ ತೋರಿಸು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಕ್ಕ, ಇಲ್ಲಿ ಎಲ್ಲರೂ ಮನೆ ಯಾವಾಗ ಎನ್ನುತ್ತಾರೆ. ಊರಿಗೆ ಫೋನ್ ಮಾಡಿದರೆ ಅಲ್ಲಿಯೂ ಅದೇ ಕೇಳುತ್ತಾರೆ" ಎಂದ.

ಹಾಗೆ ಕೇಳಿದವರಲ್ಲಿ ನಾನೂ ಒಬ್ಬಳು. ಹೋದ ಯುಗಾದಿಗೆ ನಾನೇ ಕೇಳಿದ್ದೆ.

ದೊಡ್ಡಪ್ಪ ಅಗ್ರಿಮೆಂಟಿಗೆ ಇನ್ನೂ ಸಹಿ ಹಾಕಿಲ್ಲ. ಅರೇಬಿಕಾ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಬೆಂಗಳೂರಿನವರಿಗೆ ಹೇಳಿದ್ದಾರಂತೆ. ನಾನು ಭಾನುವಾರ ಮತ್ತೆ ಹೋಗುತ್ತಿದ್ದೇನೆ. ಆ ಹೊತ್ತಿಗೆ ತಮ್ಮನೂ ವಿಡಿಯೊ ಕರೆಗೆ ಬರುತ್ತೇನೆ ಎಂದಿದ್ದಾನೆ. ಅಪ್ಪನಿಗೆ ಹಳ್ಳದ ಪಕ್ಕದ ತೋಟ ತೋರಿಸಲು ಹೇಳು, ನೋಡಿ ಬಹಳ ದಿನವಾಯಿತು ಎಂದಿದ್ದಾನೆ.