ಕೈಟುನಾ ನದಿಯಿಂದ ಫಕರೆವರೆವ ಹಳ್ಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿರುವ ರೊಟೊರುವಾ ಎಂಬ ಊರಿನಲ್ಲಿ ನಾವು ನಾಲ್ವರು ಗೆಳೆಯರು ಬೆನ್ನಿಗೆ ಚೀಲ ಏರಿಸಿಕೊಂಡು ಬಸ್ಸಿನಿಂದ ಇಳಿದಾಗ, ನಮ್ಮನ್ನು ಮೊದಲು ಎದುರುಗೊಂಡದ್ದು ಗಂಧಕದ ವಾಸನೆ. ಉದ್ಯಾನದ ಬೇಲಿಯ ಆಚೆ ಕೆಸರು ಕೊತಕೊತನೆ ಕುದಿಯುತ್ತಿತ್ತು. ರಸ್ತೆಯ ಪಕ್ಕದ ಬಿರುಕುಗಳಿಂದ ಹಬೆ ಏಳುತ್ತಿತ್ತು. ಮೂರು ವಾರಗಳ ಆ ತಿರುಗಾಟದಲ್ಲಿ ಇಲ್ಲಿ ಕಳೆದ ಒಂದೇ ಒಂದು ದಿನದ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ಬೆಳಿಗ್ಗೆ ನಾವು ಹೋದದ್ದು ಊರಿನಿಂದ ಸ್ವಲ್ಪ ದೂರದ ಓಕೆರೆಗೆ. ರೊಟೊಇಟಿ ಸರೋವರದ ನೀರು ಅಲ್ಲಿ ಕೈಟುನಾ ನದಿಯಾಗಿ ಹೊರಬಿದ್ದು ಇಕ್ಕಟ್ಟಾದ ಕಲ್ಲಿನ ಕಮರಿಗೆ ನುಗ್ಗುತ್ತದೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಭಾಷೆಯಲ್ಲಿ ಕೈ ಎಂದರೆ ಆಹಾರ, ಟುನಾ ಎಂದರೆ ಹಾವುಮೀನು. ಹಾವುಮೀನನ್ನು ಉಣಬಡಿಸುವ ನದಿ ಎಂಬುದೇ ಅದರ ಹೆಸರು. ದಾಂಡೇಲಿಯ ಕಾಳಿ ನದಿಯಲ್ಲಿ ರಬ್ಬರಿನ ತೆಪ್ಪದಲ್ಲಿ ಕುಳಿತು ಬಂದಿದ್ದ ನಮಗೆ ಧೈರ್ಯವೇನೋ ಇತ್ತು. ಆದರೆ ಇಲ್ಲಿ ಟುಟೇಯಾ ಎಂಬ 7 ಮೀಟರ್ ಎತ್ತರದ ಜಲಪಾತವಿದೆ. ಪ್ರವಾಸಿಗರನ್ನು ಕೂರಿಸಿಕೊಂಡ ತೆಪ್ಪಗಳು ಅದರ ಮೇಲಿನಿಂದಲೇ ಕೆಳಕ್ಕೆ ಧುಮುಕುತ್ತವೆ.

ಜಲಪಾತಕ್ಕೆ ಮೊದಲು ನೀರು ನಿಧಾನವಾದ ಒಂದು ತಿರುವಿನಲ್ಲಿ ನಮ್ಮ ಮಾರ್ಗದರ್ಶಿ ತೆಪ್ಪವನ್ನು ತಡೆದು ನಿಲ್ಲಿಸಿದ. ಮಾವೋರಿ ಯುವಕನಾದ ಅವನು ದಡದ ಬಂಡೆಗಳತ್ತ ತೋರಿಸಿ, ಹಿಂದೆ ಯುದ್ಧ ಒದಗಿದಾಗ ತನ್ನ ಜನ ಹೆಂಗಸರನ್ನೂ ಮಕ್ಕಳನ್ನೂ ಅಲ್ಲಿನ ಗವಿಗಳಲ್ಲಿ ಬಚ್ಚಿಡುತ್ತಿದ್ದರೆಂದು ಹೇಳಿದ. ಬಳಿಕ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕರಕೀಯ, ಅಂದರೆ ಪ್ರಾರ್ಥನೆಯನ್ನು, ತನ್ನ ಭಾಷೆಯಲ್ಲಿ ಹೇಳಿದ. ಅದುವರೆಗೆ ಕೂಗಾಡುತ್ತಿದ್ದ ನಾವೆಲ್ಲ ಸುಮ್ಮನಾದೆವು. ಯಾರದೋ ಮನೆಯ ಅಂಗಳವನ್ನು ಕೇಳದೆ ದಾಟುತ್ತಿದ್ದೆವೆಂಬ ಅರಿವು ನನಗೆ ಆಗ ಬಂದಿತು. ಮುಂದಿನ ಕ್ಷಣ ತೆಪ್ಪದ ಮೂತಿ ಕೆಳಕ್ಕೆ ಬಾಗಿತು. ಹಸಿರು ನೀರು ನಮ್ಮ ತಲೆಯ ಮೇಲೆ ಮುಚ್ಚಿಕೊಂಡಿತು. ಎಲ್ಲ ಸದ್ದೂ ಅಡಗಿತು. ಉಸಿರಿಗಾಗಿ ಎದೆ ಬಿರಿಯುವಂತಾದಾಗ ತೆಪ್ಪ ಮೇಲೆದ್ದಿತು. ನಮ್ಮಲ್ಲೊಬ್ಬ ಮಾತ್ರ ತೆಪ್ಪದಲ್ಲಿರಲಿಲ್ಲ. ಹತ್ತು ಮಾರು ಆಚೆ ತೇಲುತ್ತಿದ್ದ ಅವನನ್ನು ಜಾಕೆಟ್ಟಿನ ಹೆಗಲುಪಟ್ಟಿ ಹಿಡಿದು ಮೇಲಕ್ಕೆ ಎಳೆದುಕೊಂಡಾಗಲೇ ನಮಗೆ ಜೀವ ಬಂದದ್ದು.

ಮಧ್ಯಾಹ್ನ ನಾವು ಹೋದದ್ದು ಫಕರೆವರೆವ ಎಂಬ ಹಳ್ಳಿಗೆ. ಬಿಸಿನೀರಿನ ಬುಗ್ಗೆಗಳ ನಡುವೆ ಇಂದಿಗೂ ಜನ ಸಂಸಾರ ಹೂಡಿಕೊಂಡು ಬದುಕುತ್ತಿರುವ ಊರು ಅದು. ಅಲ್ಲಿರುವವರು ಟುಹೌರಂಗಿ ಮತ್ತು ಙಾಟಿ ವಾಹಿಯಾವ್ ಕುಲದವರು. ಬಾಲ್ಯದಲ್ಲಿ ನಾವೆಲ್ಲ ವರ್ಣಮಾಲೆಯಲ್ಲಿ ಕಲಿತು, ಆಮೇಲೆ ಬಳಸದೆ ಬಿಟ್ಟ ಙ ಅಕ್ಷರ ಈ ದೂರದ ಭಾಷೆಯಲ್ಲಿ ಪದದ ಮೊದಲಲ್ಲೇ ಗತ್ತಿನಿಂದ ಕುಳಿತಿರುವುದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಟುಹೌರಂಗಿಗಳು ಮೊದಲು ಇದ್ದದ್ದು ಟರವೆರಾ ಬೆಟ್ಟದ ಸೀಮೆಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದ ಅಲ್ಲಿನ ಬಿಳಿ ಮತ್ತು ಗುಲಾಬಿ ಬಣ್ಣದ ಶಿಲಾಸೋಪಾನಗಳನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಅವರಿಗೆ ದಾರಿ ತೋರಿಸುವುದು ಈ ಕುಲದ ಕಸುಬಾಗಿತ್ತು. 1886ರ ಜೂನ್ 10ರ ನಡುರಾತ್ರಿ ಕಳೆದ ಮೇಲೆ ಬೆಟ್ಟ ಸಿಡಿಯಿತು. ಸೋಪಾನಗಳು ಕಣ್ಮರೆಯಾದವು, ಹಳ್ಳಿಗಳು ಬೂದಿ ಮತ್ತು ಕೆಸರಿನಡಿ ಹೂತುಹೋದವು, ಸುಮಾರು 120 ಜನ ಸತ್ತರು. ಟೆ ವೈರೊವಾ ಎಂಬ ಹಳ್ಳಿಯಲ್ಲಿ ಮಾರ್ಗದರ್ಶಿಯಾಗಿದ್ದ ಸೋಫಿಯಾ ಹಿನೆರಂಗಿ ಎಂಬಾಕೆಯ ಗಟ್ಟಿ ಮನೆಯೊಳಗೆ ಸೇರಿದ ಅರವತ್ತಕ್ಕೂ ಹೆಚ್ಚು ಮಂದಿ ಬದುಕಿಕೊಂಡರು. ನೆಲೆ ಕಳೆದುಕೊಂಡ ಕುಲದ ಹಲವರು ನೆಂಟರ ಆಶ್ರಯದಲ್ಲಿ ಫಕರೆವರೆವಕ್ಕೆ ಬಂದರು. ಸೋಫಿಯಾ ಕೂಡ ಬಂದು ಇಲ್ಲಿ ಮತ್ತೆ ಅತಿಥಿಗಳಿಗೆ ದಾರಿ ತೋರಿಸತೊಡಗಿದರು.

ನಮ್ಮನ್ನು ಬರಮಾಡಿಕೊಂಡವರು ಐವತ್ತು ದಾಟಿದ ಒಬ್ಬ ಮಹಿಳೆ. ಹೊಂಗಿ ಎಂಬ ಮಾವೋರಿ ವಂದನೆ ಹೇಗೆಂದು ಅವರೇ ಕಲಿಸಿದರು. ಹಣೆಗೆ ಹಣೆ, ಮೂಗಿಗೆ ಮೂಗು ಮೆಲ್ಲನೆ ತಾಗಿಸಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು. ಟಾನೆ ಎಂಬ ದೇವರು ಮಣ್ಣಿನಿಂದ ಮೊದಲ ಹೆಣ್ಣನ್ನು ಮಾಡಿ, ಅವಳ ಮೂಗಿನೊಳಗೆ ಉಸಿರೂದಿ ಜೀವ ಕೊಟ್ಟನೆಂಬುದು ಮಾವೋರಿಗಳ ಪುರಾಣ. ಹೊಂಗಿಯಲ್ಲಿ ಇಬ್ಬರು ಹಂಚಿಕೊಳ್ಳುವುದು ಆ ಉಸಿರನ್ನೇ. ಬೆಳಿಗ್ಗೆ ನೀರಿನಡಿಯಲ್ಲಿ ಉಸಿರಿಗೆ ಚಡಪಡಿಸಿದ್ದ ನನ್ನ ಗೆಳೆಯ ಆ ಮಾತು ಕೇಳಿ ಕಣ್ಣು ಒರೆಸಿಕೊಂಡ.

ಊಟಕ್ಕೆ ಕುದಿಯುವ ಕೊಳದಲ್ಲಿ ಅದ್ದಿ ಬೇಯಿಸಿದ ಮೆಕ್ಕೆಜೋಳದ ತೆನೆಗಳಿದ್ದವು. ನೆಲದ ಹಬೆ ನುಗ್ಗುವ ಮರದ ಪೆಟ್ಟಿಗೆಗಳಲ್ಲಿ ಮಾಂಸ, ಕುಂಬಳ ಮತ್ತು ಕೂಮರಾ ಬೇಯುತ್ತಿದ್ದವು. ಕೂಮರಾ ನಮ್ಮ ಗೆಣಸೇ. ಮಾವೋರಿಗಳ ಪೂರ್ವಿಕರು ಅದರ ಗೆಡ್ಡೆಗಳನ್ನು ದೋಣಿಗಳಲ್ಲಿಟ್ಟುಕೊಂಡು ಶಾಂತಸಾಗರವನ್ನು ದಾಟಿ ತಂದರು. ಕೆಂಡದಲ್ಲಿ ಸುಟ್ಟ ಗೆಣಸನ್ನು ತಿಂದು ಬೆಳೆದ ನನಗೆ ಗಂಧಕದ ಹಬೆಯಲ್ಲಿ ಬೆಂದ ಆ ತುಂಡು ಹೊಸದೂ ಅನ್ನಿಸಿತು, ಗುರುತಿನದೂ ಅನ್ನಿಸಿತು.

ಊಟದ ಹೊತ್ತಿಗೆ ಆಚೆ ಬದಿಯಲ್ಲಿ ಪೊಹುಟು ಎಂಬ ಬಿಸಿನೀರಿನ ಬುಗ್ಗೆ ಚಿಮ್ಮಿತು. ಅದರ ಬಿಸಿನೀರು 30 ಮೀಟರ್ ಎತ್ತರದವರೆಗೂ ಏರಬಲ್ಲದು. ಆದರೆ 1970 ಮತ್ತು 80ರ ದಶಕಗಳಲ್ಲಿ ಊರಿನವರು ಮನೆ, ಹೋಟೆಲುಗಳನ್ನು ಬೆಚ್ಚಗಿಡಲು ನೂರಾರು ಕೊಳವೆಬಾವಿಗಳನ್ನು ಕೊರೆದು ನೆಲದ ಶಾಖವನ್ನು ಹೀರಿದ್ದರಿಂದ ಇಲ್ಲಿನ ಬುಗ್ಗೆಗಳು ಸೊರಗಿದ್ದವು. ಸರ್ಕಾರ 1987ರಲ್ಲಿ ಪೊಹುಟುವಿನ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಬಾವಿಗಳನ್ನು ಮುಚ್ಚಿಸಿದ ಮೇಲೆ ಅವು ಚೇತರಿಸಿಕೊಂಡವು. ಮಾವೋರಿ ಭಾಷೆಗೆ ಅಧಿಕೃತ ಭಾಷೆಯ ಸ್ಥಾನ ದೊರೆತದ್ದೂ ಅದೇ ವರ್ಷ. ಶಾಲೆಯಲ್ಲಿ ಆ ಭಾಷೆಯಾಡಿದ ಮಕ್ಕಳಿಗೆ ಏಟು ಬೀಳುತ್ತಿದ್ದ ಕಾಲವೊಂದಿತ್ತು. 1982ರಿಂದೀಚೆಗೆ ‘ಭಾಷೆಯ ಗೂಡು’ ಎಂಬ ಅರ್ಥದ ಕೊಹಂಗಾ ರೆಯೊ ಶಿಶುವಿಹಾರಗಳಲ್ಲಿ ಎಳೆಯರು ಅದನ್ನೇ ಆಡಿಕೊಂಡು ಬೆಳೆಯುತ್ತಿದ್ದಾರೆ.

ಇದೆಲ್ಲ ಪ್ರವಾಸಿಗರಿಗಾಗಿ ಹೂಡಿದ ಪ್ರದರ್ಶನವಲ್ಲವೇ ಎಂದು ಹಾಸ್ಟೆಲಿನಲ್ಲಿ ಜೊತೆಗಿದ್ದವರೊಬ್ಬರು ಕೇಳಿದ್ದರು. ನಾನು ಹಾಗೆ ಭಾವಿಸುವುದಿಲ್ಲ. ಬೆಟ್ಟ ಸಿಡಿದು ಎಲ್ಲವೂ ಹೂತುಹೋದ ಮೇಲೆ ಈ ಜನ ಉಳಿಸಿಕೊಂಡು ಬಂದದ್ದು ಅತಿಥಿಯನ್ನು ಬರಮಾಡಿಕೊಳ್ಳುವ ವಿದ್ಯೆಯನ್ನು. ನಾವು ತೆತ್ತ ಹಣ ಅವರ ಮನೆಗಳನ್ನು ನಡೆಸುತ್ತದೆ, ನಿಜ. ಹಾಗೆಂದು ಅವರ ಸ್ವಾಗತ ಸುಳ್ಳಾಗುವುದಿಲ್ಲ.

ಸಂಜೆ ಹೊರಟಾಗ ಆ ಮಹಿಳೆ ಸೇತುವೆಯ ತನಕ ಬಂದರು. ಉಳಿಯುವವರು ಹೊರಟವರಿಗೆ ‘ಹಾಯೆರೆ ರಾ’ ಎನ್ನಬೇಕು, ಹೊರಟವರು ಉಳಿಯುವವರಿಗೆ ‘ಎ ನೊಹೊ ರಾ’ ಎನ್ನಬೇಕು ಎಂದು ಹೇಳಿಕೊಟ್ಟರು. ನಿಮ್ಮಲ್ಲಿ ಹೇಗೆ ಎಂದು ಅವರು ಕೇಳಿದಾಗ, ನಮ್ಮಲ್ಲಿ ಹೋಗುವಾಗ ಯಾರೂ ‘ಹೋಗುತ್ತೇವೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇವೆ’ ಎನ್ನುತ್ತೇವೆ ಎಂದೆವು. ಸೇತುವೆಯ ಕಂಬಿ ಹಿಡಿದು ನಿಂತು ಅವರು ಆ ಎರಡು ಮಾತುಗಳನ್ನು ನಾಲ್ಕು ಸಲ ಹೇಳಿ ಕಲಿತರು.